ಶಹಜಾದಿ ಬೇಗಂ ಕೇಳದೆ ಬಿಟ್ಟ ಪ್ರಶ್ನೆ

ಮಾನ್ವಿಯ ಶಹಜಾದಿ ಬೇಗಂಗೆ ಹೊಲಸು ಹೊಸದಲ್ಲ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷ ಆಯಾ ಆಗಿದ್ದವಳು. ರಕ್ತ, ವಾಂತಿ, ಮಲ ಎಲ್ಲವನ್ನೂ ಬಾಚಿ, ಕೈ ತೊಳೆದುಕೊಂಡು, ಅದೇ ಕೈಯಿಂದ ರೊಟ್ಟಿ ಮುರಿದು ತಿಂದವಳು. ಓಣಿಯಲ್ಲಿ ಹೆಂಗಸು ತೀರಿಕೊಂಡರೆ ಹೆಣಕ್ಕೆ ಸ್ನಾನ ಮಾಡಿಸಲು ಇವತ್ತಿಗೂ ಮೊದಲ ಕರೆ ಅವಳಿಗೇ ಬರುತ್ತದೆ. ಅಂಥವಳಿಗೆ ಈಗ, ಐವತ್ತಾರನೆಯ ವಯಸ್ಸಿನಲ್ಲಿ, ನಾಲ್ಕು ಹಾಳೆಯ ಒಂದು ಫಾರ್ಮ್ ಕಂಡರೆ ವಾಕರಿಕೆ ಬರುತ್ತದೆ. ಬಿಳಿ ಹಾಳೆ, ನೀಲಿ ಅಕ್ಷರ, ತಲೆಬರಹದ ಪಕ್ಕದಲ್ಲಿ ಕೈ ಕೈ ಹಿಡಿದುಕೊಂಡ ಎರಡು ಗೊಂಬೆಗಳ ಚಿತ್ರ. ಒಂದು ಕಲೆಯೂ ಇಲ್ಲದಷ್ಟು ಸ್ವಚ್ಛ.

ಹಾಗೆಂದು ಅವಳು ಕೆಲಸ ಬಿಟ್ಟಿಲ್ಲ. ಬಿಟ್ಟರೆ ದೂರದಿಂದ ಕೂಲಿಗೆ ಬಂದ ಆ ಪರದೇಶಿ ಮಕ್ಕಳ ಮುಂದೆ ಕೂತು ಮಾತು ಕೇಳುವವರು ಯಾರು? ಆದರೆ ಈಗ ಫಾರ್ಮ್ ಬಿಚ್ಚುವ ಮೊದಲು ತನ್ನದೇ ಒಂದು ಪ್ರಶ್ನೆ ಕೇಳುತ್ತಾಳೆ. ಯಾರು ಬೇಡವೆಂದರೂ ಕೇಳುತ್ತಾಳೆ. ಮೊದಲು ಹಾಗಿರಲಿಲ್ಲ.

ಅವಳು ಹುಟ್ಟಿದ್ದು ದೇವದುರ್ಗದಲ್ಲಿ, ಗಾದಿ ಹೊಲಿಯುವವರ ಮನೆಯಲ್ಲಿ. ಮದುವೆಯಾಗಿ ಮಾನ್ವಿಗೆ ಬಂದಳು. ಗಂಡ ಗುಡುಸಾಬ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಅವನು ತೀರಿಕೊಂಡ ಮೇಲೂ ಅವಳು ಗಿರಣಿಗಳ ರಸ್ತೆಯ ಆ ಮನೆ ಬಿಡಲಿಲ್ಲ. ಊರಿನ ಹಮಾಲರ ಜಾಗಕ್ಕೆ ಬಿಹಾರ, ಒಡಿಶಾದ ಹುಡುಗರು ಬರತೊಡಗಿದಾಗ ಅವರಿಗೆ ಜ್ವರದ ಗುಳಿಗೆ ಕೇಳಲು ಸಿಕ್ಕ ಮೊದಲ ಬಾಗಿಲು ಅವಳದು. ಅವರದು ಹಿಂದಿ, ಅವಳದು ದಖನಿ ಉರ್ದು. ಅರ್ಧ ಮಾತು, ಅರ್ಧ ಕೈಸನ್ನೆ, ಹೇಗೋ ನಡೆಯುತ್ತಿತ್ತು. ರಾಯಚೂರಿನ ಸಂಸ್ಥೆಯವರು ವಲಸೆ ಕಾರ್ಮಿಕರ ಮನಸ್ಸಿನ ಆರೋಗ್ಯ ನೋಡುತ್ತೇವೆ ಎಂದು ಬಂದಾಗ ಗಿರಣಿಯವರೆಲ್ಲ ತೋರಿಸಿದ್ದು ಅವಳನ್ನೇ. ಕೊರಳಿಗೆ ಗುರುತಿನ ಚೀಟಿ ಬಿತ್ತು: ‘ಸಾಂಸ್ಕೃತಿಕ ಸಂಪರ್ಕ ಸಹಾಯಕಿ’. ಓದಿಸಿಕೊಂಡು ಅವಳು ನಕ್ಕಿದ್ದಳು. ಅಷ್ಟುದ್ದದ ಹೆಸರು ಹೊತ್ತವಳ ಕೆಲಸ ಇಷ್ಟೇ: ಈ ಕಡೆಯ ಮಾತನ್ನು ಆ ಕಡೆ, ಆ ಕಡೆಯ ಮಾತನ್ನು ಈ ಕಡೆ ದಾಟಿಸುವುದು.

ಸಂಸ್ಥೆಯ ಯಜಮಾನಿಕೆ ಸಂಕರ್ಷಣನದು. ಮಠದ ಪೂಜೆಯ ಮನೆತನದವನು, ಓದಿದವನು, ಮೆತ್ತಗಿನ ಮಾತಿನವನು. ಮೂರು ಮಾತಿಗೊಮ್ಮೆ ‘ಕಲ್ಚರ್’ ಅನ್ನುತ್ತಿದ್ದ. ಪ್ರತಿಯೊಬ್ಬರ ನೋವನ್ನೂ ಅವರವರ ಸಂಸ್ಕೃತಿಯ ಒಳಗೆ ನಿಂತು ನೋಡಬೇಕು ಎಂದು ಅವನು ಭಾಷಣ ಮಾಡಿದರೆ ಕೇಳಿದವರು ತಲೆದೂಗಬೇಕು. ಅದೇ ಸಂಕರ್ಷಣ, ದೇವದುರ್ಗದ ಹತ್ತಿ ಗಿರಣಿಯೊಂದರಲ್ಲಿ ಅವಳು ಒಬ್ಬ ಹೆಂಗಸಿಗೆ ಫಾರ್ಮಿನಲ್ಲಿಲ್ಲದ ಎರಡು ಮಾತು ಕೇಳಿದ್ದಕ್ಕೆ ಎಲ್ಲರೆದುರು ಬೈದಿದ್ದ.

“ಬೇಗಂ, ಅಲ್ಲಿ ಬರೆದದ್ದಷ್ಟ ಕೇಳ್ರಿ. ನಿಮ್ಮ ಮಾತು ಸೇರಿಸಿದ್ರ ನಮ್ಮ ಡೇಟಾ ಎಲ್ಲಾ ಕೆಟ್ಟ ಹೋಗ್ತದ.”

ಅವಳು ತಲೆಯಾಡಿಸಿದಳು. ಓದಿದವರು ಹೇಳುತ್ತಾರೆ, ಇರಬಹುದು ಅಂದುಕೊಂಡಳು. ಆ ತಲೆಯಾಡಿಸಿದ್ದನ್ನು ನೆನೆದರೆ ಈಗ ತನ್ನ ಮೇಲೆ ತನಗೇ ಹೇಸಿಗೆ.

ಒಂದು ಗುರುವಾರ ಮಾನ್ವಿಯ ಗಿರಣಿ ಮಾಲೀಕ ಪಂಪಾಪತಿ ಸಂಸ್ಥೆಗೆ ಫೋನ್ ಮಾಡಿದ. ತನ್ನಲ್ಲಿ ಒಬ್ಬ ಬಿಹಾರಿಗೆ ತಲೆ ಕೆಟ್ಟಿದೆ, ಕೈಯಲ್ಲಿ ಚಾಕು ಹಿಡಿದು ಕೂತಿದ್ದಾನೆ, ಬಂದು ಕರೆದುಕೊಂಡು ಹೋಗಿ ಎಂದ. ರಾಯಚೂರಿನಿಂದ ವೇದಶ್ರೀ ಒಬ್ಬ ನರ್ಸಿನೊಂದಿಗೆ ಜೀಪಿನಲ್ಲಿ ಬಂದಳು. ಆಪ್ತಸಮಾಲೋಚನೆ ಕಲಿತ ಇಪ್ಪತ್ತಾರರ ಹುಡುಗಿ, ಕೆಟ್ಟವಳಲ್ಲ, ಯಾವಾಗಲೂ ಗಡಿಬಿಡಿ. ದಾರಿಯಲ್ಲಿ ಶಹಜಾದಿಯನ್ನೂ ಹತ್ತಿಸಿಕೊಂಡಳು.

ಹುಡುಗನ ಹೆಸರು ರಾಮಸೂರತ್. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಹೊಟ್ಟಿನ ಶೆಡ್ಡಿನ ಹಿಂದೆ ಬರಿ ನೆಲದ ಮೇಲೆ ಕೂತಿದ್ದ. ಮೈಮೇಲೆ ಒಂದೇ ಒಂದು ಬಿಳಿ ಬಟ್ಟೆ, ಹೊಲಿಗೆಯಿಲ್ಲದ್ದು. ಕಾಲಲ್ಲಿ ಚಪ್ಪಲಿ ಇಲ್ಲ. ಮೂರು ಕಲ್ಲು ಹೂಡಿ ಮಣ್ಣಿನ ಗಡಿಗೆಯಲ್ಲಿ ಅನ್ನ ಇಟ್ಟಿದ್ದ. ಪಕ್ಕದಲ್ಲಿ ಒಂದು ತಂಬಿಗೆ, ಒಂದು ಸಣ್ಣ ಕಬ್ಬಿಣದ ಚಾಕು. ದಿನಕ್ಕೊಂದೇ ಊಟ, ಅದೂ ಉಪ್ಪಿಲ್ಲದ್ದು, ಯಾರ ಜೊತೆಗೂ ಮಾತಿಲ್ಲ, ಮುಟ್ಟಲು ಹೋದರೆ ಚೀರುತ್ತಾನೆ ಎಂದು ಪಂಪಾಪತಿ ದೂರದಲ್ಲೇ ನಿಂತು ವರದಿ ಕೊಟ್ಟ.

ಶಹಜಾದಿ ಅವನ ಮುಖ ನೋಡಿದಳು. ಹುಚ್ಚು ಹಿಡಿದವರನ್ನೂ ಅವಳು ಕಂಡಿದ್ದಾಳೆ, ಸಾವು ಕಂಡ ಮನೆಯವರನ್ನೂ ಕಂಡಿದ್ದಾಳೆ. ‘ಮನೆಯಲ್ಲಿ ಯಾರು ಹೋದರು, ಬೇಟಾ?’ ಅನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ವೇದಶ್ರೀ ಫಾರ್ಮ್ ಬಿಚ್ಚಿದಳು.

“ಎದುರಿಗಿಲ್ಲದವರ ಧ್ವನಿ ಕೇಳಿಸ್ತದೇನು, ಕೇಳ್ರಿ. ಹೌದು ಇಲ್ಲ ಅಷ್ಟ ಸಾಕು.”

ಶಹಜಾದಿ ಕೇಳಿದಳು. ಹುಡುಗ ನೆಲ ನೋಡುತ್ತ, “ಬಾಬೂಜಿ ಬುಲಾತೇ ಹೈಂ” ಎಂದ.

“ಅವರಪ್ಪ ಕರೀತಾನಂತ್ರಿ.”

“ಅವರಪ್ಪ ಎಲ್ಲಿದ್ದಾನ?”

“ಊರಾಗಂತ್ರಿ, ಬಿಹಾರದಾಗ.”

“ಬಿಹಾರದಾಗಿಂದ ಮಾನ್ವಿಗೆ ಕೇಳಿಸ್ತದಾ?” ವೇದಶ್ರೀ ಹೌದು ಎಂಬುದರ ಮುಂದೆ ಗುರುತು ಹಾಕಿದಳು. “ಮುಟ್ಟಿದ್ರ ಯಾಕ ಚೀರ್ತಾನ?”

“ಯಾರೂ ಮುಟ್ಟಬಾರದಂತ್ರಿ.”

ಇನ್ನೊಂದು ಗುರುತು. “ಚಾಕು ಯಾಕ ಇಟ್ಕೊಂಡಾನ?”

“ಇಟ್ಕೋಬೇಕಂತ್ರಿ. ಹಿರಿಯರು ಹೇಳ್ಯಾರಂತ.”

“ಯಾವ ಹಿರಿಯರು? ಇಲ್ಲಿ ಯಾರದಾರ?” ಸುತ್ತ ನೋಡಿ, ವೇದಶ್ರೀ ಮೂರನೆಯ ಗುರುತನ್ನೂ ಹಾಕಿದಳು. ಹುಡುಗ ಒಂದೊಂದು ಉತ್ತರವನ್ನೂ ಸರಿಯಾಗಿಯೇ ಕೊಟ್ಟ. ಒಂದೊಂದು ಉತ್ತರವೂ ಅವನನ್ನು ಇನ್ನಷ್ಟು ಹುಚ್ಚನನ್ನಾಗಿ ಮಾಡಿತು. ಎರಡು ಸಲ “ಮಾಜೀ, ಬಾತ್ ಯೇ ಹೈ ಕಿ...” ಎಂದು ಸಂಗತಿ ಏನೆಂದು ಹೇಳಲು ಶುರು ಮಾಡಿದ. ಎರಡು ಸಲವೂ ಮುಂದಿನ ಪ್ರಶ್ನೆ ಅಡ್ಡ ಬಂತು. ಶಹಜಾದಿ ಬಾಯಿ ಮುಚ್ಚಿಕೊಂಡೇ ಇದ್ದಳು.

ಡಾಕ್ಟರು ಫೋನಿನಲ್ಲೇ ಗುರುತುಗಳ ಲೆಕ್ಕ ಕೇಳಿ ಸೂಜಿ ಮದ್ದು ಹೇಳಿದರು. ಒಪ್ಪಿಗೆ ಪತ್ರಕ್ಕೆ ರಕ್ತಸಂಬಂಧಿಯ ಜಾಗದಲ್ಲಿ ಸಹಿ ಹಾಕಿದವನು ಕೂಲಿಗಳನ್ನು ಕರೆತರುವ ಮೇಸ್ತ್ರಿ ಮೌಲಾಹುಸೇನ. ನಾಲ್ಕು ಜನ ಹಮಾಲರು ಹುಡುಗನನ್ನು ಅದುಮಿ ಹಿಡಿದರು. ಗಡಿಗೆ ಉರುಳಿ ಅನ್ನ ಮಣ್ಣುಪಾಲಾಯಿತು. ಜೀಪಿನಲ್ಲಿ ಬಂದ ನರ್ಸ್ ಸೂಜಿ ಚುಚ್ಚಿದಳು. ಅವನು ಚೀರಿದ್ದು ಸೂಜಿಗಲ್ಲ. ಅಷ್ಟು ಕೈಗಳು ಮೈ ಮುಟ್ಟಿದ್ದಕ್ಕೆ. ಶಹಜಾದಿ ಬೇಗಂ ಅವನ ಬಲಗೈ ಹಿಡಿದು, ಏನೂ ಆಗುವುದಿಲ್ಲ ಬೇಟಾ ಎಂದಳು. ಥೂ, ಎಂಥ ಮಾತು! ಜೀಪು ಅವನನ್ನು ಹೊತ್ತುಕೊಂಡು ರಾಯಚೂರಿನ ಖಾಸಗಿ ನರ್ಸಿಂಗ್ ಹೋಮಿಗೆ ಹೋಯಿತು.

ಸಂಜೆ ಅವಳು ಮೌಲಾಹುಸೇನನನ್ನು ಚಹಾದಂಗಡಿಯಲ್ಲಿ ಹಿಡಿದಳು. ಫಾರ್ಮಿನಲ್ಲಿಲ್ಲದ ಪ್ರಶ್ನೆಯನ್ನು ಅವನಿಗೆ ಕೇಳಿದಳು.

“ಅವನ ಮನ್ಯಾಗ ಯಾರು ಸತ್ತಾರಲೇ?”

ಅವಳನ್ನು ಖಾಲಾ, ಚಿಕ್ಕಮ್ಮ, ಎಂದೇ ಕರೆಯುವ ಮೌಲಾಹುಸೇನ ಕಪ್ಪು ಕೆಳಗಿಟ್ಟ. “ಅವರಪ್ಪ ಸತ್ತಾನ, ಖಾಲಾ. ಹೋದ ಶುಕ್ರವಾರ ಫೋನ್ ಬಂತು. ಒಬ್ಬನೇ ಮಗ ಅಂವ. ಚಿತಿಗೆ ಬೆಂಕಿ ಓಣಿಯವರು ಕೊಟ್ರಂತ. ಹತ್ತು ದಿನದ ನೇಮ ಮಗಂದ. ಯಾರೂ ಮುಟ್ಟಂಗಿಲ್ಲ, ದೆವ್ವ ಸುಳಿಯಬಾರದಂತ ಹತ್ರ ಕಬ್ಬಿಣ ಇಟ್ಕೋಬೇಕಂತ. ಹತ್ತನೇ ದಿನ ತಲಿ ಬೋಳಿಸಿ ಹೊಳ್ಯಾಗ ನೀರು ಬಿಡಬೇಕಂತ. ಯಾವ ಹೊಳಿ ಆದ್ರೂ ಹೊಳೀನ, ಅಲ್ಲೇ ಮಾಡು ಅಂತ ಅವರವ್ವ ಹೇಳ್ಯಾಳ.”

“ಊರಿಗ್ಯಾಕ ಕಳಿಸಲಿಲ್ಲ?”

“ಸೀಜನ್ ಅದ ಖಾಲಾ. ಒಬ್ಬನ್ನ ಬಿಟ್ರ ಎಲ್ಲಾರೂ ಹೊಂಡ್ತಾರ. ಪಂಪಾಪತಿ ಸಾಹುಕಾರ್ಗ ನಾ ಹೇಳಿಲ್ಲ, ನೀನೂ ಹೇಳಬ್ಯಾಡ ಅಂತ ಅವಗೂ ತಾಕೀತು ಮಾಡಿದ್ದೆ.”

“ಅಪ್ಪ ಸತ್ತವನ ಕೈ ಕಾಲು ಹಿಡಿಸಿ ಸಹಿ ಮಾಡಿದ್ಯಲ್ಲೋ ಹರಾಮಖೋರ, ನಿನ್ನ ಬಾಯಾಗ ಮಣ್ಣ ಹಾಕ!” ಎಂದು ಅವಳು ಅಂಗಡಿಯವರೆಲ್ಲ ತಿರುಗಿ ನೋಡುವಂತೆ ಬೈದಳು. ಬೈದು ಮನೆಗೆ ಬಂದರೂ ಬಾಯೊಳಗಿನ ಕಹಿ ಹೋಗಲಿಲ್ಲ. ಅವನು ಮುಚ್ಚಿಟ್ಟಿದ್ದು ಹೊಟ್ಟೆಪಾಡಿಗೆ. ತಾನು ಬಾಯಿ ಕಟ್ಟಿಕೊಂಡಿದ್ದು ಯಾಕೆ? ಬೆರಳು ಮಡಚಿ ಎಣಿಸಿದಳು. ಇವತ್ತಿಗೆ ಏಳು. ಭಾನುವಾರ ಹತ್ತನೆಯ ದಿನ.

ಶುಕ್ರವಾರ ವೇದಶ್ರೀಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಹುಡುಗಿ, “ನಾ ಹೆಂಗ ಬಿಡಿಸ್ಲಿ ಬೇಗಂ, ಸರ್ ನಾಳೆ ಬರ್ತಾರ, ಅವರನ್ನ ಕೇಳ್ರಿ” ಎಂದಳು. ಶನಿವಾರ ಮೊದಲ ಬಸ್ಸಿಗೆ ಶಹಜಾದಿ ರಾಯಚೂರಿಗೆ ಹೋದಳು. ಸಂಕರ್ಷಣ ಬಂದಿದ್ದು ಹನ್ನೆರಡು ಗಂಟೆಗೆ. ಅವಳು ಹೇಳಿದ್ದನ್ನೆಲ್ಲ ಗಲ್ಲಕ್ಕೆ ಕೈ ಕೊಟ್ಟು ಕೇಳಿದ.

“ಆದ್ರೂ ಬೇಗಂ, ಚಾಕು? ಧ್ವನಿ ಕೇಳಿಸೂದು? ರಿಸ್ಕ್ ತಗೊಳ್ಳಾಕ ಆಗಂಗಿಲ್ಲ.”

ಅವಳಿಗೆ ತಡೆಯಲಾಗಲಿಲ್ಲ. ಹೋದ ವರ್ಷ ಇವನ ತಂದೆ ತೀರಿಕೊಂಡಾಗ ಅವಳೂ ಮಾತನಾಡಿಸಲು ಹೋಗಿದ್ದಳು. ಇವನ ತಾಯಿ ಸತ್ಯಭಾಮಾಬಾಯಿ ಬಾಗಿಲಲ್ಲೇ ನಿಲ್ಲಿಸಿ, ಮಗ ಕರ್ಮಕ್ಕೆ ಕೂತಿದ್ದಾನೆ, ಹತ್ತು ದಿನ ಒಪ್ಪತ್ತು ಊಟ, ಯಾರೂ ಮುಟ್ಟುವಂತಿಲ್ಲ ಎಂದಿದ್ದರು. ಅವನು ಒಳಗೆ ಕೂತದ್ದು ಬಾಗಿಲಿನಿಂದಲೇ ಕಂಡಿತ್ತು.

“ಸರ್, ನಿಮ್ಮಪ್ಪೋರು ಹೋದಾಗ ನೀವೂ ಒಂದ ಪಂಚಿ ಉಟ್ಟು, ಚಾಪಿ ಮ್ಯಾಲ ಕೂತಿದ್ರಿ. ಒಪ್ಪತ್ತು ಉಣತಿದ್ರಿ. ಮುಟ್ಟಬ್ಯಾಡ್ರಿ ಅಂತಿದ್ರಿ. ಹತ್ತು ದಿನ ಹಂಗ ಇದ್ರಿ. ನಿಮಗ ಯಾರರ ಸೂಜಿ ಚುಚ್ಚಿದ್ರೇನು?”

ಸಂಕರ್ಷಣನ ಮುಖ ಕೆಂಪಾಯಿತು. “ಅದು ಬ್ಯಾರೆ. ನಮ್ಮದು ಶಾಸ್ತ್ರ.”

ಇಷ್ಟು ವರ್ಷ ‘ಕಲ್ಚರ್, ಕಲ್ಚರ್’ ಎಂದು ಊರೂರು ಸುತ್ತಿದವನ ಹೊಟ್ಟೆಯಲ್ಲಿ ಇದ್ದದ್ದು ಇದು. ತಮ್ಮದು ಶಾಸ್ತ್ರ, ಹಮಾಲಿ ಮಾಡುವವನದು ರೋಗ. ಹದಿನೆಂಟು ವರ್ಷ ಬಾಚಿದ ಯಾವ ಹೊಲಸೂ ಇಷ್ಟು ನಾರಿರಲಿಲ್ಲ.

ಅವನೂ ತಾನಾಡಿದ ಮಾತು ತನಗೇ ಕೇಳಿಸಿದವನಂತೆ ಮೇಜಿನ ಮೇಲಿನ ಹಾಳೆಗಳನ್ನು ಸರಿಸಿಟ್ಟ. ಆಮೇಲೆ ಇದ್ದಕ್ಕಿದ್ದಂತೆ ಕಣ್ಣರಳಿಸಿ, “ಆದ್ರ ಬೇಗಂ, ಇದು ಭಾರಿ ಛಲೋ ಕೇಸ್! ಹೈದರಾಬಾದ್ ಸಮ್ಮೇಳನಕ್ಕ ಇದನ್ನ ಬರೀಬೇಕು” ಎಂದು ಪೆನ್ನು ತೆಗೆದ. ಅವಳಿಗೆ ಅವನ ಟೇಬಲ್ಲಿನ ಮೇಲೇ ಕಾರಬೇಕೆನ್ನಿಸಿತು.

“ಬರಕೊಳ್ರಿ ಸರ್. ಮೊದಲು ಅವನ್ನ ಬಿಡಿಸ್ರಿ. ನಾಳೆ ಹತ್ತನೇ ದಿನ.”

ಅವನು ಡಾಕ್ಟರಿಗೆ ಫೋನ್ ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಡಾಕ್ಟರು ಮದುವೆಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ, ಅವರ ಸಹಿ ಇಲ್ಲದೆ ಬಿಡುವಂತಿಲ್ಲ, ಮದ್ದು ನಿಲ್ಲಿಸುವಂತೆಯೂ ಇಲ್ಲ ಎಂದು ನರ್ಸಿಂಗ್ ಹೋಮಿನವರು ಹೇಳಿದರು. ಸಂಕರ್ಷಣ ಕೈ ಚೆಲ್ಲಿದ. ಇನ್ನೊಬ್ಬ ಡಾಕ್ಟರನ್ನು ಕರೆಯಬಹುದಿತ್ತು. ತಾನೇ ಹೋಗಿ ಜವಾಬ್ದಾರಿ ಬರೆದುಕೊಡಬಹುದಿತ್ತು. ಆ ರಿಸ್ಕ್ ಅವನಿಗೆ ಬೇಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಶಹಜಾದಿ ಒಬ್ಬ ಕ್ಷೌರಿಕನನ್ನು ಹುಡುಕಿ, ಆಟೋದಲ್ಲಿ ಕೂರಿಸಿಕೊಂಡು ನರ್ಸಿಂಗ್ ಹೋಮಿಗೆ ಹೋದಳು. ಹೊಳೆ ಇಲ್ಲದಿದ್ದರೆ ನಲ್ಲಿಯ ನೀರಾದರೂ ಆಗಲಿ ಎಂದು ಲೆಕ್ಕ ಹಾಕಿದ್ದಳು. ಮಾನಸಿಕ ರೋಗಿಯ ಕೋಣೆಗೆ ಕತ್ತಿ ಒಯ್ಯುವಂತಿಲ್ಲ ಎಂದು ಗೇಟಿನಲ್ಲೇ ಕ್ಷೌರಿಕನನ್ನು ತಡೆದರು. ಅವಳೊಬ್ಬಳನ್ನು ಬಿಟ್ಟರು. ರಾಮಸೂರತ್ ನಿದ್ದೆಯಲ್ಲಿದ್ದ. ಬಿಳಿ ಬಟ್ಟೆ ಬಿಚ್ಚಿ ಹಸಿರು ಅಂಗಿ ತೊಡಿಸಿದ್ದರು. ತುಟಿ ಒಣಗಿತ್ತು, ಕಟವಾಯಿಯಿಂದ ಜೊಲ್ಲು ಇಳಿದಿತ್ತು. ಎಷ್ಟು ಅಲುಗಿಸಿದರೂ ಏಳಲಿಲ್ಲ. ಅವಳು ಜೊಲ್ಲು ಒರೆಸುತ್ತ ಬೆಳಕು ಇಳಿಯುವ ತನಕ ಕೂತಿದ್ದಳು. ಮಗ ನಿದ್ದೆ ಮಾಡುತ್ತಿದ್ದಂತೆ ತಂದೆಯ ಹತ್ತನೆಯ ದಿನ ಮುಗಿದುಹೋಯಿತು.

ಸೋಮವಾರ ಹತ್ತು ಗಂಟೆಗೆ ಅವನು ಕಣ್ಣು ಬಿಟ್ಟಾಗ ಮಂಚದ ಸುತ್ತ ಶಹಜಾದಿ, ಸಂಕರ್ಷಣ, ವೇದಶ್ರೀ ಮೂವರೂ ಇದ್ದರು. ವೇದಶ್ರೀ ಹೊಸ ಫಾರ್ಮ್ ಹಿಡಿದಿದ್ದಳು. ಹುಡುಗ ಗೋಡೆ ನೋಡಿದ, ತನ್ನ ಮೈಮೇಲಿನ ಹಸಿರು ಅಂಗಿ ನೋಡಿದ. ಆಮೇಲೆ ಶಹಜಾದಿಯ ಕಡೆ ತಿರುಗಿ, ಇವತ್ತು ಯಾವ ವಾರ ಎಂದು ಕೇಳಿದ. ಆ ಒಂದು ಮಾತು ಸಂಕರ್ಷಣನಿಗೂ ತಿಳಿಯಿತು.

“ಶನಿವಾರ ಅಂತ ಹೇಳ್ರಿ,” ಎಂದು ಅವನು ಅವಳ ಕಿವಿಯ ಬಳಿ ಬಗ್ಗಿ ಹೇಳಿದ. “ಮದ್ದಿನಾಗಿದ್ದ, ಅವಗೇನು ಗೊತ್ತಾಗ್ತದ. ನಾಳೆ ಕೃಷ್ಣಾ ಹೊಳಿಗೆ ಕರಕೊಂಡು ಹೋಗೋಣ. ಅವಗೂ ಸಮಾಧಾನ, ನಮ್ಮ ಕೇಸಿಗೂ ಒಳ್ಳೇ ಮುಕ್ತಾಯ ಸಿಗ್ತದ.”

ಅವಳಿಗೆ ಸುಳ್ಳು ಬಾರದೆ ಏನಿಲ್ಲ. ಮಗು ಸತ್ತು ಹುಟ್ಟಿದಾಗ ಎಷ್ಟೋ ತಾಯಂದಿರಿಗೆ, ಮಗು ಮಲಗಿದೆ, ಆಮೇಲೆ ತೋರಿಸುತ್ತೇವೆ ಎಂದವಳು. ಒಂದು ಗಳಿಗೆ ಆ ಮಾತು ಬಾಯಿಗೂ ಬಂತು. ಆದರೆ ಸಂಜೆ ಇವನು ತಾಯಿಗೆ ಫೋನ್ ಮಾಡುತ್ತಾನೆ. ಆ ಮುದುಕಿಗೂ ದಿನ ಎಣಿಸಲು ಬರುತ್ತದೆ. ಅಲ್ಲದೆ ಇವರ ಮುಕ್ತಾಯಕ್ಕೆ ತಾನು ಬಾಯಿ ಕೊಡಬೇಕೇ?

“ಸೋಮವಾರ, ಬೇಟಾ,” ಎಂದಳು ದಖನಿಯಲ್ಲಿ. “ಹತ್ತನೇ ದಿನ ನಿನ್ನೆ ಹೋಯಿತು. ನಾವು ನಿನ್ನನ್ನು ಮಲಗಿಸಿಬಿಟ್ಟೆವು. ನಾನೂ ನಿನ್ನ ಕೈ ಹಿಡಿದಿದ್ದೆ.”

ರಾಮಸೂರತ್ ಚೀರಲಿಲ್ಲ. ಕೈ ಎತ್ತಿ ತನ್ನ ತಲೆ ಮುಟ್ಟಿ ನೋಡಿಕೊಂಡ. ಕೂದಲು ಹಾಗೆಯೇ ಇತ್ತು. ತಡೆದು ತಡೆದು ಅವಳನ್ನು ಏನೋ ಕೇಳಿದ.

“ಏನಂತಾನ?” ಎಂದ ಸಂಕರ್ಷಣ.

“ನಮ್ಮಪ್ಪಗ ಯಾರರ ನೀರು ಬಿಟ್ರೇನು ಅಂತ ಕೇಳಾಕತ್ತಾನ್ರಿ ಸರ್,” ಎಂದಳು ಶಹಜಾದಿ ಬೇಗಂ. “ಏನು ಹೇಳ್ಬೇಕು ಹೇಳ್ರಿ. ನೀವು ಹೇಳಿದಷ್ಟ ಹೇಳ್ತೀನಿ.”

ಸಂಕರ್ಷಣ ವೇದಶ್ರೀಯನ್ನು ನೋಡಿದ. ವೇದಶ್ರೀ ಕೈಯಲ್ಲಿದ್ದ ಫಾರ್ಮನ್ನು ನೋಡಿದಳು. ಹುಡುಗ ಉತ್ತರಕ್ಕಾಗಿ ಇಬ್ಬರ ಬಾಯಿಯನ್ನೇ ನೋಡುತ್ತಿದ್ದ.