ಶೀರ್ಷಿಕೆಗೆ ಹಿಡಿಸದ ಮಾತು

ರೆಮೇಯ್ ಪುಜೊಲಾಸ್ ಕತಲಾನ್ ಬರೆಯಲು ಕಲಿತದ್ದು ಶಾಲೆಯಲ್ಲಲ್ಲ. ಅಲ್ಲಿ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತಾಡಿದರೆ ಏಟು ಬೀಳುತ್ತಿತ್ತು. ಮನೆಮಾತಿನ ಕಾಗುಣಿತವನ್ನು ಆಕೆ ಸೋದರತ್ತೆಯ ಅಡುಗೆಮನೆಯಲ್ಲಿ ಕದ್ದು ಕಲಿತಳು. ಆ ಭಾಷೆಯನ್ನು ಹತ್ತಿಕ್ಕಿದ್ದ ಸರ್ವಾಧಿಕಾರಿ ಸತ್ತ ಮೇಲೆ ಬಾರ್ಸಿಲೋನಾದಲ್ಲಿ ಕತಲಾನ್ ದಿನಪತ್ರಿಕೆಯೊಂದು ಶುರುವಾದಾಗ, ನಲವತ್ತು ದಾಟಿದ ಆಕೆಗೆ ಅಲ್ಲಿ ಅನುವಾದದ ಕೆಲಸ ಸಿಕ್ಕಿತು.

೧೯೭೭ರ ಬೇಸಿಗೆಯ ಒಂದು ಬೆಳಿಗ್ಗೆ ಲಂಡನ್ನಿನಿಂದ ಬಂದ ಸುದ್ದಿಯಲ್ಲಿ ‘ಸ್ಟ್ಯಾಗ್‌ಫ್ಲೇಷನ್’ ಎಂಬ ಪದವಿತ್ತು. ಉದ್ಯಮ ನಿಂತ ನೀರಾಗಿದ್ದರೂ ಬೆಲೆ ಮಾತ್ರ ಏರುತ್ತಲೇ ಹೋಗುವ ಸ್ಥಿತಿ. ಅವಳ ಹಳೆಯ ನಿಘಂಟಿನಲ್ಲಿ ಅದಕ್ಕೆ ಪದವಿರಲಿಲ್ಲ.

“ಆ ಇಂಗ್ಲಿಷ್ ಪದಕ್ಕೇ ನಮ್ಮ ಬಾಲ ಅಂಟಿಸಿ ಕೊಟ್ಬಿಡಿ. ಮಧ್ಯಾಹ್ನ ಪುಟ ಹೋಗ್ಬೇಕು,” ಎಂದ ವಾಣಿಜ್ಯ ಪುಟದ ಫೆಲಿಯು.

“ಬಾಲ ಅಂಟಿಸೋಕಾ ಮೂವತ್ತೆಂಟು ವರ್ಷ ಬಾಯಿ ಮುಚ್ಕೊಂಡಿದ್ದು?”

ಹತ್ತಿರದ ಊರು ಸಬಾದೆಲ್ಲಿನ ಉಣ್ಣೆ ಗಿರಣಿಯಲ್ಲಿ ನೇಕಾರನಾಗಿದ್ದ ಅಪ್ಪ ಎರ್ಮೆಂಗೊಲ್‌ನ ಮನೆಗೆ ಆಕೆ ಹೊತ್ತು ನೋಡದೆ ಫೋನ್ ಮಾಡಿದಳು.

“ಅಪ್ಪಾ, ಕೆಲಸ ಇಲ್ಲ, ಸಾಮಾನೆಲ್ಲ ದುಬಾರಿ. ಇದಕ್ಕೆ ಮಗ್ಗದವರು ಏನಂತೀರಿ?”

“ಬೈತೀವಿ. ಪೇಪರಲ್ಲಿ ಹಾಕೋ ಅಂಥದ್ದಲ್ಲ.”

ನಗುತ್ತಲೇ ಅವಳಿಗೆ ಹೊಳೆಯಿತು. ಅಂದು ಮಂಗಳವಾರ, ಹತ್ತು ಗಂಟೆ.

“ನೀವ್ಯಾಕೆ ಮನೇಲಿದೀರಿ?”

“ಗಿರಣಿ ಬಾಗಿಲು ಹಾಕಿದ್ರು. ಶುಕ್ರವಾರ ಗೇಟಿಗೆ ಕಾಗದ ಅಂಟಿಸಿದ್ರು.”

“ನಂಗೆ ಹೇಳ್ಬಾರ್ದಾ?”

“ಹೇಳಿದ್ರೆ ನೀನೇನು ಮಾಡ್ತಿದ್ದೆ, ಮಗಳೇ?”

ಅವಳು ಫೋನ್ ಇಟ್ಟಳು. ಫೆಲಿಯು ಮೇಜಿನ ಪಕ್ಕ ಕಾಯುತ್ತಿದ್ದ. ‘ಕೆಲಸ ನಿಂತ ದುಬಾರಿ’ ಎಂದು ಅಪ್ಪಟ ಕತಲಾನಿನಲ್ಲಿ ಬರೆದುಕೊಟ್ಟಳು. ಅವನು ಅಕ್ಷರ ಎಣಿಸಿ, ಶೀರ್ಷಿಕೆಗೆ ಹಿಡಿಸುವುದಿಲ್ಲವೆಂದು ಹಿಂದಿರುಗಿಸಿದ. ಜಗಳಕ್ಕೆ ಅವಳಲ್ಲಿ ತ್ರಾಣವಿರಲಿಲ್ಲ. ಆ ಇಂಗ್ಲಿಷ್ ಪದಕ್ಕೇ ಬಾಲ ಅಂಟಿಸಿ ‘ಎಸ್ತಗ್‌ಫ್ಲಸಿಯೊ’ ಎಂದು ಬರೆದು ಕೈಚೆಲ್ಲಿದಳು. ಭಾಷೆ ಕೆಡಿಸುತ್ತಿದ್ದೀರೆಂದು ಬೈದು ಆ ವಾರ ಓದುಗರಿಂದ ನಾಲ್ಕು ಕಾಗದ ಬಂದವು.

ಭಾನುವಾರ ಸಬಾದೆಲ್ಲಿಗೆ ಹೋದಾಗ ಅಪ್ಪ ಆ ಪುಟವನ್ನೇ ಹಿಡಿದು ಕೂತಿದ್ದ. ಮನೆಮಾತನ್ನು ಓದುವುದು ಅವನಿಗೆ ರೂಢಿಯಿಲ್ಲ. ಬೆರಳಿಟ್ಟು, ಅಕ್ಷರ ಕೂಡಿಸಿ, ಅರ್ಧಕ್ಕೇ ನಿಂತ.

“ಇದೇನಮ್ಮ ಇದು?”

“ನಿಮಗಾಗಿರೋದೇ, ಅಪ್ಪಾ.” ಅವಳು ಬಿಡಿಸಿ ಹೇಳಿದಳು. ಅವನು ತಲೆಯಾಡಿಸಿದ.

“ಎಷ್ಟು ದಿನ ಇರುತ್ತಂತೆ?”

ಲೇಖನವನ್ನು ಅನುವಾದಿಸಿದವಳು ಅವಳೇ. ಅದರಲ್ಲಿ ಆ ವಿಷಯವಿಲ್ಲವೆಂದು ಗೊತ್ತಿದ್ದೂ, ಅವನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮೊದಲಿನಿಂದ ಹುಡುಕತೊಡಗಿದಳು.