ಅಕ್ಕನ ಕಾರಿಗೆ ಸಿಮೆಂಟು ತುಂಬಿದ್ದು

ಅಕ್ಕನ ಗಂಡನನ್ನು ನಾನು ಕಮಲಾಪುರದ ರಸ್ತೆಯಲ್ಲಿ, ಬಾಳೆಹಣ್ಣು ಮಾರುವವರ ಎದುರಿಗೇ ಹೊಡೆದೆ. ಮೊದಲ ಏಟಿಗೆ ಅವನ ಮೂಗಿನಿಂದ ರಕ್ತ ಬಂತು. ಮುಂದಿನದಕ್ಕೆ ನನ್ನ ಬೆರಳು ಮುರಿಯಿತು. ನೆಂಟರು ಇಂದಿಗೂ ನನ್ನನ್ನೇ ಬೈಯುತ್ತಾರೆ. ಬೈಯಲಿ, ಅವರಪ್ಪನ ಗಂಟೇನು ಹೋಗಿತ್ತು? ಅವರು ಆ ಕಾರಿನಲ್ಲಿ ಕೂತಿರಲಿಲ್ಲ.

ಕಾರು ಅಕ್ಕನದು. ಅಪ್ಪ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದ, ಮೂರು ಸಿಲಿಂಡರಿನ ಹಳೆಯ ಪುಟ್ಟ ಗಾಡಿ. ಕಲಬುರಗಿಯ ಜೇವರ್ಗಿ ಕಾಲೋನಿಯ ಮನೆಯಿಂದ ಕಮಲಾಪುರದ ಶಾಲೆಗೆ ಪಾಠ ಹೇಳಲು ದಿನಾ ಅದರಲ್ಲೇ ಹೋಗುತ್ತಿದ್ದಳು. ಅದಕ್ಕೂ ಮೊದಲು ವರ್ಷಗಟ್ಟಲೆ ಬಸ್ಸಿನ ನೂಕುನುಗ್ಗಲಿನಲ್ಲಿ ನಿಂತು, ಬೆನ್ನಿಗೆ ಅಂಟಿಕೊಳ್ಳುವ ಗಂಡಸರನ್ನು ಸೇಫ್ಟಿ ಪಿನ್ನಿನಿಂದ ಚುಚ್ಚುತ್ತ ಹೋದವಳು. ಗಾಡಿಯ ಕೀಲಿ ಕೈಗೆ ಬಂದ ದಿನ ಆ ಪಿನ್ನನ್ನು ಮೋರಿಗೆ ಎಸೆದಿದ್ದಳು.

ಆದರೆ ಏರು ಬಂದರೆ ಗಾಡಿ ಏದುಸಿರು ಬಿಡುತ್ತಿತ್ತು. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಅವಳ ಜೀವ ತಿನ್ನುತ್ತಿದ್ದರು. ಗಂಡನಿಗೆ ಅದೇ ಅವಮಾನ. ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ಬಲ ಏರಿಸುವ ಟರ್ಬೊ ಒಂದನ್ನು ಗುಜರಿಯಿಂದ ಹೊತ್ತುಕೊಂಡು ಶಹಾಬಜಾರಿನ ನನ್ನ ಗ್ಯಾರೇಜಿಗೆ ಬಂದ.

"ಮಾಮಾ, ಈ ಎಂಜಿನ್ ತಾಳೂದಿಲ್ರೀ," ಎಂದೆ. "ಇದರ ಸಿಲಿಂಡರ್ ನೀರಿನಾಗ ಒಂಟಿ ನಿಂತಾವ. ಟರ್ಬೊ ಒತ್ತಡಕ್ಕ ಅಲುಗಾಡಿ ಸೀಳ್ತಾವ."

"ಸುತ್ತ ಸಿಮೆಂಟ್ ತುಂಬಿದ್ರ?" ಎಂದ. ಗೌಂಡಿ ಕೆಲಸದವನು, ಮನೆ ಕಟ್ಟಿಸುವವನು. ಅವನಿಗೆ ಲೋಕದ ಎಲ್ಲ ರೋಗಕ್ಕೂ ಸಿಮೆಂಟೇ ಮದ್ದು.

ಹುಚ್ಚು ಮಾತೇನಲ್ಲ. ಸಿಲಿಂಡರುಗಳ ಸುತ್ತ ನೀರು ಹರಿಯುವ ಜಾಗದ ಕೆಳ ಅರ್ಧಕ್ಕೆ ಸಿಮೆಂಟು ತುಂಬಿ, ಮೇಲಿನರ್ಧ ನೀರಿಗೆ ಬಿಟ್ಟರೆ ಸಿಲಿಂಡರುಗಳನ್ನು ಹೊತ್ತ ಬ್ಲಾಕು ಗಟ್ಟಿಯಾಗುತ್ತದೆ. ಕೈಯಲ್ಲಿ ಕಾಸಿಲ್ಲದವರು ಮಾಡುವ ದಾರಿ ಅದು. ಒಂದೇ ಮಾತು ಹೇಳಿದೆ: ಮೊದಲು ಸಿಮೆಂಟು ತುಂಬಿ ಒಣಗಿಸಬೇಕು, ಆಮೇಲೇ ಲೇತಿನಲ್ಲಿ ಬೋರ್ ಹೊಡೆಸಬೇಕು, ಸಿಲಿಂಡರಿನ ಒಳಮೈ ಗುಂಡಗೆ ಕೊರೆಸಬೇಕು. ಸಿಮೆಂಟು ಬಿಗಿಯುವಾಗ ಸಿಲಿಂಡರನ್ನು ಒತ್ತುತ್ತದೆ. ಮೊದಲೇ ಬೋರ್ ಹೊಡೆದರೆ ಗುಂಡಗಿರುವುದು ಸೊಟ್ಟಗಾಗಿ ಪಿಸ್ಟನ್ನನ್ನು ಹಿಡಿಯುತ್ತದೆ. ತಲೆಯಾಡಿಸಿ ಬ್ಲಾಕು ಹೊತ್ತೊಯ್ದ.

ವಾಪಸು ತಂದಾಗ ಸಿಮೆಂಟು ಕಲ್ಲಿನಂತಿತ್ತು, ಬೋರು ಮಿನುಗುತ್ತಿತ್ತು. ಪಿಸ್ಟನ್ ಬಿಗಿಯಾಗಿ ಓಡಾಡಿತು. ಹೊಸ ಬೋರು ಬಿಗಿಯೇ ಇರುತ್ತದೆ. ಕೂಡಿಸಿ ಕೊಟ್ಟೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಟ ಅಕ್ಕನೇ ಗಾಡಿ ಓಡಿಸಿದಳು. ಪಕ್ಕದಲ್ಲಿ ಗಂಡ, ಹಿಂದೆ ನಾನು. ಏರಿನಲ್ಲಿ ಕಾಲು ಒತ್ತಿದಳು ನೋಡಿ, ಯಪ್ಪಾ! ಗಾಡಿ ಒಂದು ಲಾರಿಯನ್ನು ದಾಟಿತು. ಅಕ್ಕ ಹುಡುಗಿಯ ಹಾಗೆ ಕೇಕೆ ಹಾಕಿದಳು. ಅಪ್ಪ ಹೋದ ಮೇಲೆ ಆ ನಗೆ ನಾನು ಕೇಳಿರಲಿಲ್ಲ.

ಮರುಕ್ಷಣ ಬಾನೆಟ್ಟಿನೊಳಗೆ ಕೊಡಲಿಯಿಂದ ಕಡಿದ ಸದ್ದು. ಪಿಸ್ಟನ್ ಕಚ್ಚಿಕೊಂಡು, ಅದರ ರಾಡು ಮುರಿದು, ಬ್ಲಾಕು ಸೀಳಿಕೊಂಡು ಹೊರಬಂದಿತ್ತು. ಕಾದ ಎಣ್ಣೆ ಗಾಜಿಗೆ ರಾಚಿತು. ಕಣ್ಣಿಗೆ ದಾರಿಯೇ ಇಲ್ಲ. ಹಿಂದೆ ಲಾರಿ ಬೊಬ್ಬೆ ಹೊಡೆಯುತ್ತಿತ್ತು. ಅಕ್ಕ ಚೀರುತ್ತ ಸ್ಟೇರಿಂಗ್ ಎಳೆದಳು. ಗಾಡಿ ಹಣ್ಣಿನ ಬುಟ್ಟಿಗಳ ಮೇಲೆ ಹತ್ತಿ, ಬೇವಿನ ಮರಕ್ಕೆ ಗುದ್ದಿ ನಿಂತಿತು. ಅಕ್ಕನ ಹಣೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು.

ಅವನು ಇಳಿದವನೇ ಹೆಂಡತಿಯನ್ನು ನೋಡಲಿಲ್ಲ, ಬಾನೆಟ್ ಎತ್ತಿದ. ಸೀಳಿನೊಳಗೆ ಬೆರಳು ತೋರಿಸಿ, "ನನ್ನ ಸಿಮೆಂಟಿಗೆ ಒಂದು ಬಿರುಕು ಬಿದ್ದಿಲ್ಲ ನೋಡು!" ಎಂದ.

ಆಗಲೇ ಮೊದಲ ಏಟು.

"ಬೋರ್ ಯಾವಾಗ ಹೊಡಿಸ್ದಿ? ಖರೇ ಹೇಳು!" ಅಂಗಿ ಹಿಡಿದು ಅಲುಗಿಸಿದೆ. ರೀ ಗೀ ಎಲ್ಲ ಉರಿದುಹೋಗಿತ್ತು.

"ಅಮಾಸಿ ಇತ್ತೋ," ಮೂಗು ಒತ್ತಿಕೊಂಡು ತೊದಲಿದ. "ಅಮಾಸಿ ದಿನ ನಾವು ಗೌಂಡಿ ಮಂದಿ ಕರಣಿ ಮುಟ್ಟೂದಿಲ್ಲ. ದಿನ ಯಾಕ ಹಾಳು ಅಂತ ಮೊದ್ಲ ಲೇತಿಗೆ ಕೊಟ್ಟೆ. ಮರುದಿನ ಸಿಮೆಂಟ್ ಹಾಕೀನಿ."

ಅಮಾವಾಸ್ಯೆಗೆ ಗಾರೆ ಮೆತ್ತುವ ಕರಣಿಯನ್ನು ಪೂಜೆಗಿಟ್ಟ ಪುಣ್ಯಾತ್ಮ! ನನಗೆ ಒಂದು ಮಾತು ಹೇಳಿದ್ದರೆ ಏನು ಬಾಯಿ ಸವೆಯುತ್ತಿತ್ತೇ? ಆತುರಗಾರನಿಗೆ ಬುದ್ಧಿ ಮಟ್ಟ. ಮತ್ತೆ ಗುದ್ದಿದೆ. ಅವನು ಜ್ಯಾಕಿನ ರಾಡು ತಗೊಂಡು ನನ್ನ ಮೊಣಕಾಲಿಗೆ ಬಾರಿಸಿದ. ಒಡೆದ ಹಣ್ಣಿನ ರಾಡಿಯಲ್ಲಿ ಇಬ್ಬರೂ ಹೊರಳಾಡಿದೆವು. ಅವನ ಕುತ್ತಿಗೆಯನ್ನು ನಾನು ಬಿಡುತ್ತಿರಲಿಲ್ಲ, ನಿಜವಾಗಿಯೂ ಬಿಡುತ್ತಿರಲಿಲ್ಲ.

"ಏ ತಮ್ಮಾ." ಅಕ್ಕ ನಮ್ಮ ತಲೆಯ ಹತ್ತಿರ ನಿಂತಿದ್ದಳು. "ಗಾಡಿ ಇನ್ನ ರಿಪೇರಿ ಆಗ್ತದೇನು?"

ಕೈ ತಾನಾಗಿ ಸಡಿಲವಾಯಿತು. "ಇಲ್ಲಕ್ಕಾ."

ಅಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. ಗಂಡನನ್ನಾಗಲಿ ನನ್ನನ್ನಾಗಲಿ ನೋಡಲಿಲ್ಲ. ಕಲಬುರಗಿ ಕಡೆಯಿಂದ ಬಸ್ಸು ಬರುತ್ತಿತ್ತು, ಬಾಗಿಲ ತುಂಬ ಜನ. ಬುಟ್ಟಿ ಕಳೆದುಕೊಂಡು ಕೂತಿದ್ದ ಹಣ್ಣಿನ ಮುದುಕಿಯ ಮುಂದೆ ಕೈಚಾಚಿ ಅಕ್ಕ ಮೆಲ್ಲಗೆ ಕೇಳಿದಳು:

"ಯವ್ವಾ, ಒಂದು ಪಿನ್ನ ಇದ್ರ ಕೊಡು."

ಮುದುಕಿ ಬಳೆಯಿಂದ ಪಿನ್ನು ಬಿಚ್ಚಿ ಕೊಟ್ಟಳು.