ಅಮ್ಮುವಿನ ಬೆರಳಿಗೆ ಬೆಳ್ಯಪ್ಪ ಗೌಡರ ಅಂದಾಜು

ಡಾಕ್ಟರ ತಪ್ಪಿಗೆ ಪರಿಹಾರ ನಿಗದಿ ಮಾಡುವ ಪಂಚಾತಿಕೆಗೆ ಹೋಗುವವನು ಹಿಂದಿನ ದಿನವಷ್ಟೇ ಅದೇ ಡಾಕ್ಟರಿಂದ ಸೊಂಟದ ಕೆಳಗೆ ಇಂಜೆಕ್ಷನ್ ಚುಚ್ಚಿಸಿಕೊಂಡಿರಬಾರದು. ಇಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲದ ಕಾರಣ ನಾನು ಹಾಗೆಯೇ ಹೋಗಿದ್ದೆ. ಉಪ್ಪಿನಂಗಡಿಯಲ್ಲಿ ಅವರ ಕ್ಲಿನಿಕ್ಕಿನ ಜಗಲಿಯ ಕುರ್ಚಿಯಲ್ಲಿ ಬಲು ಗಂಭೀರವಾಗಿ ಕುಳಿತೆ. ಕುಳಿತದ್ದಕ್ಕಿಂತ ಬೇಗ ಎದ್ದೆ. ಕೈಯಲ್ಲಿದ್ದ ಕುಡಿಕೆಯ ಅರ್ಧ ಶಾಯಿ ಪಂಚೆಗೆ ಚೆಲ್ಲಿತು.

“ಮಾಷ್ಟ್ರೆ, ನೋವು ಇನ್ನೂ ಉಂಟಾ? ಶಾಖ ಕೊಡ್ಲಿಕ್ಕೆ ಹೇಳಿದ್ದೆನಲ್ಲ,” ಎಂದರು ಡಾಕ್ಟರು, ಎಲ್ಲರಿಗೂ ಕೇಳುವಂತೆ.

ದೂರು ಕೊಟ್ಟಿದ್ದ ಅಮ್ಮು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆರಳಿನ ಕಟ್ಟು ಬಿಚ್ಚಿದ ಮೇಲಿನ ಆರು ವಾರದಲ್ಲಿ ಅವಳು ನಕ್ಕದ್ದು ಅದೊಂದೇ ಸಲವಂತೆ. ಅಷ್ಟಾದರೂ ಉಪಕಾರವಾಯಿತು ಎಂದುಕೊಂಡು ಉಳಿದ ಪಂಚಾತಿಕೆಯನ್ನು ಕಂಬಕ್ಕೆ ಒರಗಿ ನಿಂತೇ ಮುಗಿಸಿದೆ.

೧೯೬೧ರ ಮಾತು. ನಾನು ಪೆರಾಬೆಯ ಶಾಲೆಯಲ್ಲಿ ಮಾಷ್ಟ್ರು. ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ಊರಿನ ಪಂಚಾತಿಕೆಗಳ ಕಾಗದವೆಲ್ಲ ನನ್ನ ತಲೆಗೆ. ಈ ವ್ಯಾಜ್ಯ ಅಮ್ಮುವಿನ ಬಲಗೈ ತೋರುಬೆರಳಿನದು. ಅವಳು ಬೀಡಿ ಕಟ್ಟುವವಳು. ಗಂಡ ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋದವನು ಪತ್ತೆಯಿಲ್ಲ. ಮನೆಯಲ್ಲಿ ಎರಡು ಹೆಣ್ಣುಮಕ್ಕಳು. ದಿನಕ್ಕೆ ಎಂಟುನೂರು ಬೀಡಿಯಲ್ಲಿ ಮೂರು ಹೊಟ್ಟೆ ನಡೆಯುತ್ತಿತ್ತು. ಬಾಗಿಲ ಸಂದಿಗೆ ಸಿಕ್ಕಿ ಬೆರಳು ಊದಿದಾಗ ಡಾಕ್ಟರು ಬಿದಿರಿನ ಸೀಳು ಇಟ್ಟು ಬಿಗಿಯಾಗಿ ಕಟ್ಟಿ, ತಾನು ಬಿಚ್ಚುವವರೆಗೆ ಯಾರೂ ಮುಟ್ಟಬಾರದೆಂದು ಹೇಳಿ, ತಂಗಿಯ ಮದುವೆಗೆಂದು ಊರಿಗೆ ಹೋದರು. ಏಳು ವಾರ ಬರಲಿಲ್ಲ. ಅಮ್ಮುವಿನಂಥ ವಿಧೇಯ ರೋಗಿ ಯಾವ ಡಾಕ್ಟರಿಗೂ ಸಿಗಬಾರದು. ಅವಳು ಮುಟ್ಟಲೇ ಇಲ್ಲ. ಕಟ್ಟು ಬಿಚ್ಚಿದಾಗ ಬೆರಳು ನನ್ನ ಮೇಜಿನ ರೂಲುಕೋಲಿನ ಹಾಗೆ ನೆಟ್ಟಗಾಗಿತ್ತು. ಬೀಡಿಯ ತುದಿ ಮಡಚುವುದು ಆ ಬೆರಳೇ. ಈಗ ದಿನಕ್ಕೆ ಮುನ್ನೂರು ಆದರೆ ಹೆಚ್ಚು.

ಪುತ್ತೂರಿನ ಕೋರ್ಟಿಗೆ ಹೋದರೆ ವಕೀಲರ ಫೀಸಿಗೆ ಉಳಿದ ಒಂಬತ್ತು ಬೆರಳೂ ಸಾಲವು. ಹಾಗಾಗಿ ತೀರ್ಮಾನ ಹೇಳಲು ಎರಡು ಕಡೆಯವರೂ ಬೆಳ್ಯಪ್ಪ ಗೌಡರನ್ನು ಒಪ್ಪಿದರು. ಗೌಡರು ಸುಳ್ಯದ ಕಡೆಯಿಂದ ಬಂದು ಪೆರಾಬೆಯಲ್ಲಿ ನೆಲೆಸಿದ ಅರವತ್ತರ ಮನುಷ್ಯ. ಮರದಲ್ಲಿರುವ ಅಡಿಕೆಯನ್ನು ಕೆಳಗೆ ನಿಂತು ನೋಡಿ, ತೋಟದಲ್ಲಿ ಇಷ್ಟು ಖಂಡಿ ತೂಕದ ಫಸಲು ಎಂದು ಹೇಳುವುದು ಅವರ ಕಸುಬು. ವ್ಯಾಪಾರಿಗಳು ಆ ಮಾತಿನ ಮೇಲೆ ಫಸಲು ಕೊಳ್ಳುತ್ತಿದ್ದರು. ಅಂದಾಜು ತಪ್ಪುತ್ತಿರಲಿಲ್ಲ, ನಿಜ. ಆದರೆ ಅದು ಬಾಯಿಗೆ ಬರುವಷ್ಟರಲ್ಲಿ ಕೇಳಿದವನ ತಲೆಯಲ್ಲಿ ನಾಲ್ಕು ಬಿಳಿಕೂದಲು ಹೆಚ್ಚಾಗಿರುತ್ತಿದ್ದವು. ಕಾಪಿಯಾ ಚಾಯವಾ ಎಂದರೂ ಒಮ್ಮೆ ಹೆಂಚಿನ ಮಾಡು ನೋಡಿ ಯೋಚಿಸುವ ಜನ.

ಪಂಚಾತಿಕೆಗೆ ಮೊದಲು ಅವರು ಅಮ್ಮುವಿನ ಜಗಲಿಯಲ್ಲಿ ಎರಡು ಇಡೀ ದಿನ ಕುಳಿತರು. ಕಾಗದ ಬರೆಯುವವನೆಂದು ನನ್ನನ್ನೂ ಕೂರಿಸಿಕೊಂಡರು. ಎರಡು ದಿನದಲ್ಲಿ ಬರೆಯುವಂಥದ್ದು ಒಂದಕ್ಷರ ಹೇಳಲಿಲ್ಲ.

“ಎಂತ ನೋಡುದು ಗೌಡ್ರೆ?” ಎಂದು ಕೇಳಿದೆ.

“ಬೀಡಿ ಕಟ್ಟುದನ್ನು.”

“ಅದು ಕಾಣ್ತದಲ್ಲ.”

“ಕಾಣ್ತದೆ. ಅದಕ್ಕೇ ನೋಡುದು.”

ಎರಡು ದಿನದ ರಜೆ ಹೀಗೆ ಹೋಯಿತು.

ಇನ್ನು ಕ್ಲಿನಿಕ್ಕಿನ ಜಗಲಿಗೆ ಬರೋಣ. ಡಾಕ್ಟರು ಮೊದಲೇ ಹೇಳಿದರು: “ಒಂದು ಬೆರಳು. ಐವತ್ತು ರೂಪಾಯಿ ಕೊಡ್ತೇನೆ, ಮುಗಿಸುವ.”

“ಐವತ್ತು ಒಂದೂವರೆ ತಿಂಗಳಲ್ಲಿ ಮುಗೀತದೆ ಡಾಕ್ಟ್ರೆ,” ಎಂದಳು ಅಮ್ಮು. “ಬೆರಳು ಮತ್ತೆಯೂ ಹೀಗೆಯೇ ಇರ್ತದಲ್ಲ. ಮಕ್ಕಳಿಗೆ ನಾನು ಎಂತ ಬೇಯಿಸುದು?”

ಗೌಡರು ಎಲೆಯಡಿಕೆ ಬಾಯಿಗೆ ಹಾಕಿ ಮಾಡು ನೋಡತೊಡಗಿದರು. ಗಳಿಗೆ ಕಳೆಯಿತು. ನನ್ನ ಇಂಜೆಕ್ಷನ್ನಿನ ಜಾಗ ಮಿಡಿಯುತ್ತಿತ್ತು. ತಡೆಯಲಾರದೆ ನಾನೇ ಬಾಯಿ ಹಾಕಿದೆ. “ಇನ್ನೂರು ಅಂತ ಬರೆಯುವನಾ?”

“ಯಾವ ಲೆಕ್ಕದಲ್ಲಿ ಮಾಷ್ಟ್ರೆ?”

“ಐವತ್ತು ಕಡಿಮೆ ಆಯ್ತು ಅಂತ.”

“ಶಾಲೆಯಲ್ಲಿ ಮಾರ್ಕು ಕೊಡುದು ಕೂಡ ಹೀಗೆಯಾ?”

ನಾನು ಪಂಚೆಯ ಶಾಯಿ ಕಲೆ ಉಜ್ಜತೊಡಗಿದೆ.

ಕೊನೆಗೆ ಗೌಡರು ಬಾಯಿಯ ಎಲೆಯಡಿಕೆ ಉಗುಳಿ ಬಂದರು. ಅದು ತೀರ್ಪು ತಯಾರಾದ ಲಕ್ಷಣ.

“ಬೇರೆಯವರ ಮರ ಕಡಿದರೆ, ಹೊಸ ಸಸಿ ಫಸಲಿಗೆ ಬರುವವರೆಗಿನ ಅಡಿಕೆಯ ಬೆಲೆ ದಂಡ ಹಾಕುದು ನನ್ನ ಕ್ರಮ. ಇದು ಕಡಿದದ್ದಲ್ಲ, ಗಾಯ. ಗಾಯದ ಮರಕ್ಕೆ ಲೆಕ್ಕ ಬೇರೆ. ಮುಂಚಿನ ಫಸಲು ಬರುವವರೆಗೆ ಪ್ರತಿ ಕೊಯ್ಲಿನಲ್ಲಿ ಕಮ್ಮಿ ಬಿದ್ದದ್ದನ್ನು ಗಾಯ ಮಾಡಿದವ ತುಂಬಬೇಕು, ಮರವನ್ನೂ ಅವನೇ ನೋಡಿಕೊಳ್ಳಬೇಕು. ಬೀಡಿ ಡಿಪೋದ ಪೋಕರ್ ಪ್ರತಿ ಶನಿವಾರ ಲೆಕ್ಕ ಮಾಡ್ತಾನೆ. ದಿನಕ್ಕೆ ಎಂಟುನೂರಕ್ಕೆ ಎಷ್ಟು ಕಮ್ಮಿಯೋ ಅಷ್ಟರ ಮಜೂರಿ ಡಾಕ್ಟ್ರದ್ದು.”

“ಗಾಯ ಅಂತ ನಿಮಗೆ ಹೇಗೆ ಗೊತ್ತು?” ಎಂದರು ಡಾಕ್ಟರು.

“ಬಿಸಿನೀರಲ್ಲಿ ಪಾತ್ರೆ ತೊಳೆದ ಮೇಲೆ ಆ ಬೆರಳು ಒಂದು ಭತ್ತದ ಉದ್ದ ಬಗ್ಗಿತು. ಮರುದಿನ ಎರಡು ಭತ್ತ. ಮಾಷ್ಟ್ರೂ ನೋಡಿದ್ದಾರೆ.”

ಮಾಷ್ಟ್ರು ನೋಡಿರಲಿಲ್ಲ. ಮಾಷ್ಟ್ರು ಗಡಿಯಾರ ನೋಡುತ್ತಿದ್ದರು. ಆದರೂ ತಲೆಯಾಡಿಸಿದೆ.

ಡಾಕ್ಟರು ಅಮ್ಮುವಿನ ಕೈ ಎಳೆದುಕೊಂಡು ಬೆರಳನ್ನು ಮೆಲ್ಲಗೆ ಬಗ್ಗಿಸಿ ನೋಡಿದರು. ಕಟ್ಟು ಬಿಚ್ಚಿದ ಮೇಲೆ ಅವರು ಆ ಬೆರಳು ಮುಟ್ಟಿದ್ದು ಅಂದೇ. ಅವಳು ಹಲ್ಲು ಕಚ್ಚಿದಳು. ಬೆರಳು ಅಷ್ಟಿಷ್ಟು ಬಗ್ಗಿತು. “ನಾಳೆಯಿಂದ ದಿನಾ ಬಾ. ಎಣ್ಣೆ ಹಾಕಿ ತಿಕ್ಕಬೇಕು,” ಎಂದು ಗೊಣಗಿದರು. ಮತ್ತೆ ನಾನು ಬರೆಯುತ್ತಿದ್ದ ಕಾಗದದ ಕಡೆ ನೋಡಿದರು, ಮುಖ ಸಣ್ಣದಾಯಿತು.

“ಅಲ್ಲ ಗೌಡ್ರೆ, ವಾರ ವಾರ ಲೆಕ್ಕ ಅಂದರೆ ಎಂತ? ನನ್ನ ಮದ್ದಿನ ಮೇಲೆ ನಿಮಗೆ ಒಂಚೂರೂ ನಂಬಿಕೆ ಇಲ್ಲವಾ?”

“ಉಂಟು ಡಾಕ್ಟ್ರೆ,” ಎಂದರು ಬೆಳ್ಯಪ್ಪ ಗೌಡರು. “ಇಲ್ಲದಿದ್ದರೆ ಇಪ್ಪತ್ತು ವರ್ಷಕ್ಕೆ ಕಮ್ಮಿ ಬೀಳುವ ಮಜೂರಿಯನ್ನು ಇವತ್ತೇ ಒಟ್ಟಿಗೆ ಕೇಳ್ತಿದ್ದೆ.”